ಮುಂದಿನ ಪುಟ ಇದೆಯೇ?

ಗದುಗಿನ ಒಂದು ಪ್ರೆಸ್ಸಿನಲ್ಲಿ ಅಪ್ಪ ಕಂಪೋಸಿಟರ್ ಆಗಿದ್ದ. ಮೊಳೆ ಜೋಡಿಸುವುದು ಅವನ ಕೆಲಸ. ಆದರೆ ಮೇ ತಿಂಗಳು ಬಂತೆಂದರೆ ಯಾರ ಕೆಲಸ ಯಾವುದು ಎಂಬ ಲೆಕ್ಕ ಅಲ್ಲಿ ಉಳಿಯುತ್ತಿರಲಿಲ್ಲ. ಶಾಲೆ ಶುರುವಾಗುವುದರೊಳಗೆ ಗೈಡುಗಳು ಅಂಗಡಿ ಸೇರಬೇಕು. ಆಗ ನಮ್ಮಂಥ ಹುಡುಗರನ್ನೂ ಫಾರಂ ಎತ್ತಲಿಕ್ಕೆ ಕರೆಯುತ್ತಿದ್ದರು.

ಫಾರಂ ಎತ್ತುವುದು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾದೀತು. ದೊಡ್ಡ ಹಾಳೆಯ ಎರಡೂ ಬದಿಗೆ ಸೇರಿ 16 ಪುಟ ಅಚ್ಚಾಗುತ್ತದೆ. ಅದನ್ನು ಮಡಚಿದರೆ ಒಂದು ಫಾರಂ. 192 ಪುಟದ ಪುಸ್ತಕಕ್ಕೆ ಇಂಥ 12 ಫಾರಂ. ಉದ್ದನೆಯ ಮೇಜಿನ ಸುತ್ತ 12 ಗುಡ್ಡೆ ಇಟ್ಟಿರುತ್ತಿದ್ದರು. ನಾವು ಒಂದು ತುದಿಯಿಂದ ಹೊರಟು, ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿ ಎಡಗೈಯ ಮೇಲೆ ಪೇರಿಸಿಕೊಳ್ಳುತ್ತ ಮೇಜಿಗೆ ಒಂದು ಸುತ್ತು ಹಾಕಿದರೆ ಒಂದು ಪುಸ್ತಕ. ಸಾವಿರ ಪ್ರತಿಗೆ ಸಾವಿರ ಸುತ್ತು. ಮೂರನೆಯ ದಿನಕ್ಕೆ ಕಾಲು ತಾನೇ ನಡೆಯುತ್ತಿತ್ತು, ಕೈ ತಾನೇ ಎತ್ತುತ್ತಿತ್ತು, ಮನಸ್ಸು ಕೆರೆ ದಂಡೆಯಲ್ಲಿ ಇರುತ್ತಿತ್ತು.

ಹಾಗೆ ಮನಸ್ಸು ಹೋದಾಗಲೇ ಒಂದು ಗುಡ್ಡೆ ತಪ್ಪುತ್ತಿದ್ದುದು. ಅದನ್ನು ಹಿಡಿಯಲು ಒಂದು ಉಪಾಯವಿತ್ತು. ಪ್ರತಿ ಫಾರಮ್ಮಿನ ಮಡಿಕೆಯ ಬೆನ್ನಿನ ಮೇಲೆ ಒಂದು ಸಣ್ಣ ಕಪ್ಪು ಪಟ್ಟಿ ಅಚ್ಚಾಗಿರುತ್ತಿತ್ತು. ಮೊದಲನೆಯದರಲ್ಲಿ ಮೇಲೆ, ಎರಡನೆಯದರಲ್ಲಿ ಸ್ವಲ್ಪ ಕೆಳಗೆ, ಮೂರನೆಯದರಲ್ಲಿ ಇನ್ನೂ ಕೆಳಗೆ. 12 ಫಾರಮ್ಮನ್ನು ಜೋಡಿಸಿ ಬೆನ್ನು ನೋಡಿದರೆ ಪಟ್ಟಿಗಳು ಮೆಟ್ಟಿಲಿನ ಹಾಗೆ ಇಳಿಯಬೇಕು. ಒಂದು ಮೆಟ್ಟಿಲು ಇಲ್ಲವೆಂದರೆ ಒಂದು ಫಾರಂ ಇಲ್ಲ. ಎರಡು ಪಟ್ಟಿ ಒಂದೇ ಮಟ್ಟದಲ್ಲಿದ್ದರೆ ಒಂದೇ ಫಾರಂ ಎರಡು ಸಲ ಬಂದಿದೆ. ಅಪ್ಪ ಪುಸ್ತಕದ ರಾಶಿಯ ಮುಂದೆ ಕೂತು ಬರೇ ಬೆನ್ನು ನೋಡುತ್ತಿದ್ದ. ಒಂದಕ್ಷರ ಓದದೆ 100 ಪುಸ್ತಕದಲ್ಲಿ ಕೆಟ್ಟದ್ದೊಂದನ್ನು ಎಳೆದು ಹೊರಗೆ ಹಾಕುತ್ತಿದ್ದ.

ಈಗ ನಾನು ಚೆನ್ನೈನಲ್ಲಿ ಟೈಪ್‌ಸೆಟಿಂಗ್ ಕೆಲಸ ಮಾಡುತ್ತೇನೆ. ಮೇಜಿನ ಸುತ್ತ ನಡೆಯುವ ಆ ಕೆಲಸವನ್ನು ಕಂಪ್ಯೂಟರಿನ ನಾಲ್ಕು ಸಾಲು ಮಾಡುತ್ತವೆ. ಅವಕ್ಕೆ ಲೂಪ್ ಎನ್ನುತ್ತಾರೆ. ಇದನ್ನು ಓದುತ್ತಿರುವವರಲ್ಲಿ ಬಹಳ ಜನ ದಿನಕ್ಕೆ ಹತ್ತು ಲೂಪ್ ಬರೆಯುವವರೇ ಇದ್ದೀರಿ, ಅದರಲ್ಲಿ ಹೇಳುವಂಥದ್ದೇನು ಎನ್ನಿಸಬಹುದು. ಆದರೆ ನನ್ನ ನಾಲ್ಕು ಸಾಲು ಒಬ್ಬ ಹಿರಿಯರ ನಾಲ್ಕು ಪುಟವನ್ನು ಸದ್ದಿಲ್ಲದೆ ನುಂಗಿಹಾಕಿದವು. ಆಮೇಲೆ ಈ ಸುತ್ತು ಎಲ್ಲಿಂದ ಶುರುವಾಯಿತು, ಬೆನ್ನಿನ ಮೇಲಿನ ಮೆಟ್ಟಿಲು ಎಲ್ಲಿ ಕಳೆದುಹೋಯಿತು ಎಂದು ಹುಡುಕಿಕೊಂಡು ಹೋದೆ. ಈ ಬರಹ ಆ ಹುಡುಕಾಟದ್ದು.

*

ನಮ್ಮೂರಿಗೆ ಅಂಟಿಕೊಂಡೇ ಬೆಟಗೇರಿ. ನೇಕಾರರ ಓಣಿಗಳಲ್ಲಿ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ ನೇತಾಡುವುದನ್ನು ನೋಡುತ್ತ ಬೆಳೆದವನು ನಾನು. ಅದಕ್ಕೆ ಜಕಾರ್ಡ್ ಎನ್ನುತ್ತಿದ್ದರು. ಅದು ಒಬ್ಬ ಮನುಷ್ಯನ ಹೆಸರು ಎಂದು ತಿಳಿದದ್ದು ಬಹಳ ತಡವಾಗಿ. ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮೇರಿ ಜಕಾರ್ಡ್ 1804ರ ಹೊತ್ತಿಗೆ ಈ ಮಗ್ಗವನ್ನು ರೂಪಿಸಿದ. ಒಂದು ರಟ್ಟು ನೇಯ್ಗೆಯ ಒಂದು ಎಳೆಗೆ ಅಪ್ಪಣೆ. ತೂತಿದ್ದಲ್ಲಿ ದಾರ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಸೆರಗಿನ ಒಂದು ಹೂವಿಗೆ ಬೇಕಾದ ರಟ್ಟುಗಳನ್ನು ದಾರದಿಂದ ಪೋಣಿಸಿ, ಕೊನೆಯ ರಟ್ಟನ್ನು ಮೊದಲನೆಯದಕ್ಕೆ ಕಟ್ಟಿಬಿಟ್ಟರೆ ಮಾಲೆ ಸುತ್ತುತ್ತಲೇ ಇರುತ್ತದೆ, ಹೂವು ಮತ್ತೆ ಮತ್ತೆ ಬರುತ್ತದೆ.

1880ರ ದಶಕದಲ್ಲಿ ಅದೇ ಲಿಯೋನ್‌ನಲ್ಲಿ ಜಕಾರ್ಡ್ ಮಗ್ಗದ ಮೇಲೆ ಒಂದು ಇಡೀ ಪ್ರಾರ್ಥನಾ ಪುಸ್ತಕವನ್ನು ರೇಷ್ಮೆಯಲ್ಲಿ ನೇಯ್ದರು. ಮಸಿ ಇಲ್ಲ, ಮೊಳೆ ಇಲ್ಲ. ಅಕ್ಷರ, ಅಂಚು, ಚಿತ್ರ ಎಲ್ಲವೂ ದಾರ. ಪುಟಗಳು ಸುಮಾರು 50, ಅದಕ್ಕೆ ಬೇಕಾದ ರಟ್ಟುಗಳು ಲಕ್ಷಗಟ್ಟಲೆ. ಯಂತ್ರ ಓದುವ ಅಪ್ಪಣೆಯಿಂದ ಪುಟ ಸಿದ್ಧವಾಗುವುದು ಕಂಪ್ಯೂಟರಿಗಿಂತ ಎಷ್ಟು ಹಳೆಯದು ಎನ್ನುವುದಕ್ಕೆ ಇದೊಂದು ಸಾಕು.

ಜಕಾರ್ಡಿನ ರಟ್ಟನ್ನು ನೇಯ್ಗೆಯಿಂದ ಲೆಕ್ಕಕ್ಕೆ ತಂದವನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್. ಅವನು ಕಟ್ಟಬೇಕೆಂದಿದ್ದ ಅನಲಿಟಿಕಲ್ ಎಂಜಿನ್ ಪೂರ್ತಿಯಾಗಲೇ ಇಲ್ಲ. ಆದರೆ ಅದರ ಬಗ್ಗೆ ಇಟಲಿಯ ಮೆನಾಬ್ರಿಯಾ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಏಡಾ ಲವ್‌ಲೇಸ್ ಇಂಗ್ಲಿಷಿಗೆ ತಂದು, ಲೇಖನಕ್ಕಿಂತ ಉದ್ದವಾದ ಟಿಪ್ಪಣಿಗಳನ್ನು ಸೇರಿಸಿ 1843ರಲ್ಲಿ ಪ್ರಕಟಿಸಿದಳು. ಒಂದೇ ಗುಂಪಿನ ಕ್ರಿಯೆಗಳು ಮರಳಿ ಮರಳಿ ಬರುವುದಕ್ಕೆ ಅವಳು ಅಲ್ಲಿ ಚಕ್ರ ಎನ್ನುವ ಅರ್ಥದ ಪದ ಬಳಸಿದ್ದಾಳೆ. ಚಕ್ರದೊಳಗೆ ಚಕ್ರ ಇರಬಹುದೆಂದೂ ಬರೆದಿದ್ದಾಳೆ. ಅದೇ 1843ರ ಜುಲೈನಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದ. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆಯೂ ಲೂಪಿನ ಮೊದಲ ಬರಹವೂ ಒಂದೇ ವರ್ಷದವು ಎಂಬುದು ನನ್ನಂಥವನಿಗೆ ಮರೆಯಲಾಗದ ಸಂಗತಿ.

ನೂರು ವರ್ಷದ ಮೇಲೆ, 1944ರಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಏಕನ್ ಯೋಜಿಸಿದ ಮಾರ್ಕ್ 1 ಎಂಬ ಯಂತ್ರ ಕೆಲಸ ಶುರು ಮಾಡಿತು. ಅದರ ಪ್ರೋಗ್ರಾಂ ತೂತು ಹೊಡೆದ ಕಾಗದದ ಪಟ್ಟಿ. ‘ಹಿಂದಕ್ಕೆ ಹೋಗು’ ಎಂಬ ಅಪ್ಪಣೆ ಅದಕ್ಕೆ ಗೊತ್ತಿರಲಿಲ್ಲ. ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸಬೇಕಿದ್ದರೆ ಪಟ್ಟಿಯ ಬಾಲವನ್ನು ಅದರ ತಲೆಗೇ ಅಂಟಿಸುತ್ತಿದ್ದರು. ಅಲ್ಲಿ ಲೂಪ್ ಎಂದರೆ ನಿಜಕ್ಕೂ ಕಣ್ಣಿಗೆ ಕಾಣುವ ಕುಣಿಕೆ. ಬೆಟಗೇರಿಯ ನೇಕಾರ ಅದನ್ನು ನೋಡಿದ್ದರೆ ಏನೂ ಆಶ್ಚರ್ಯಪಡುತ್ತಿರಲಿಲ್ಲ.

*

ಅಚ್ಚಿನ ಮನೆಗೂ ತೂತಿನ ಪಟ್ಟಿ ಬಂದಿತ್ತು. ಅಮೆರಿಕದ ಟಾಲ್ಬರ್ಟ್ ಲ್ಯಾನ್‌ಸ್ಟನ್ ಹುಟ್ಟುಹಾಕಿದ ಮೊನೊಟೈಪ್‌ನಲ್ಲಿ ಎರಡು ಯಂತ್ರ. ಒಂದರ ಕೀಲಿಮಣೆ ಒತ್ತಿದರೆ ಕಾಗದದ ಸುರುಳಿಯಲ್ಲಿ ತೂತು ಬೀಳುತ್ತದೆ. ಆ ಸುರುಳಿಯನ್ನು ಎರಡನೆಯ ಯಂತ್ರಕ್ಕೆ ಹಾಕಿದರೆ ಅದು ಕುದಿಯುವ ಸೀಸದಿಂದ ಒಂದೊಂದೇ ಮೊಳೆ ಎರೆದು ಸಾಲು ಕಟ್ಟುತ್ತದೆ. ಸುರುಳಿಯನ್ನು ಯಂತ್ರ ಕೊನೆಯಿಂದ ಮೊದಲಿಗೆ ಓದುತ್ತಿತ್ತು, ಯಾಕೆಂದರೆ ಸಾಲಿನಲ್ಲಿ ಎಷ್ಟು ಜಾಗ ಬಿಡಬೇಕೆಂಬ ಲೆಕ್ಕ ಸಾಲು ಮುಗಿದ ಮೇಲೆಯೇ ಗೊತ್ತಾಗುವುದು. ಸುರುಳಿಯನ್ನು ಎತ್ತಿಟ್ಟುಕೊಂಡರೆ ಮುಂದಿನ ವರ್ಷ ಅದೇ ಪುಟವನ್ನು ಮತ್ತೆ ಎರೆಯಬಹುದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಬರೆದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಪುಸ್ತಕದ ಮೊದಲ ಸಂಪುಟ 1968ರಲ್ಲಿ ಬಂದಾಗ ಅಚ್ಚಾದದ್ದು ಈ ಮೊನೊಟೈಪ್‌ನಲ್ಲೇ. ಗಣಿತದ ಸೂತ್ರಗಳು ತುಂಬಿದ ಪುಟಗಳು ಅಂದವಾಗಿ ಬಂದಿದ್ದವು. 1977ರ ಮಾರ್ಚ್ ಕೊನೆಯಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಗ್ಯಾಲಿ ಪ್ರೂಫ್ ಅವನ ಕೈಗೆ ಬಂದವು. ಅಷ್ಟರಲ್ಲಿ ಸೀಸದ ಕಾಲ ಮುಗಿದು ಫೋಟೊ ಟೈಪ್‌ಸೆಟಿಂಗ್ ಬಂದಿತ್ತು. ಪುಟಗಳು ನೋಡಲಿಕ್ಕಾಗದಂತಿದ್ದವು. ಬೇರೆಯವರಾಗಿದ್ದರೆ ಪ್ರಕಾಶಕರಿಗೆ ಒಂದು ಬಿಸಿ ಪತ್ರ ಬರೆಯುತ್ತಿದ್ದರು. ಕ್ನೂತ್ ತನ್ನ ಪುಸ್ತಕದ ಕೆಲಸವನ್ನು ಬದಿಗಿಟ್ಟು, ಪುಟ ಜೋಡಿಸುವ ಪ್ರೋಗ್ರಾಮನ್ನು ತಾನೇ ಬರೆಯಲು ಕೂತ. ಅದೇ ಟೆಕ್. ಒಂದು ವರ್ಷದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ. ಹೆಚ್ಚು ಕಡಿಮೆ ಹತ್ತು ವರ್ಷ ಹಿಡಿಯಿತು.

ಟೆಕ್‌ನಲ್ಲಿ ಒಂದು ಫೈಲಿನೊಳಗೆ ಇನ್ನೊಂದು ಫೈಲನ್ನು ಸೇರಿಸುವ ಅಪ್ಪಣೆಯ ಹೆಸರು ಇನ್‌ಪುಟ್. ಫಾರಂ ಎತ್ತುವ ಕೈ ಇದು. ಇದರ ಒಂದು ಗುಣವನ್ನು ಗಮನಿಸಬೇಕು. ಕೇಳಿದ ಫೈಲು ಸಿಗದಿದ್ದರೆ ಟೆಕ್ ಮುಂದಕ್ಕೆ ಹೋಗುವುದಿಲ್ಲ. ನಿಂತು, ಬೇರೆ ಹೆಸರು ಹೇಳಿ ಎಂದು ಕೇಳುತ್ತದೆ. ಹೇಳುವ ತನಕ ಕಾಯುತ್ತದೆ. ನೀನು ಕಾಯಬೇಡ, ಓಡುತ್ತಲೇ ಇರು ಎಂದು ಮೊದಲೇ ಹೇಳಿಟ್ಟಿದ್ದರೆ, ಫೈಲು ಸಿಗದ ಜಾಗದಲ್ಲಿ ಇಡೀ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಹಳೆಯ ಪ್ರೆಸ್ಸಿನ ಮುಂಗೋಪಿ ಫೋರ್‌ಮನ್ ಇದ್ದ ಹಾಗೆ.

ಇನ್ನು ಸುತ್ತುವ ಕಾಲು. ಮೂಲ ಟೆಕ್‌ನಲ್ಲಿ ಲೂಪ್ ಎಂಬ ಅಪ್ಪಣೆಯೇ ಇಲ್ಲ. ಅದೊಂದು ಪ್ರೋಗ್ರಾಮಿಂಗ್ ಭಾಷೆಯಾಗಲಿ ಎಂಬ ಆಸೆ ಕ್ನೂತ್‌ಗೆ ಇರಲಿಲ್ಲ. ಗೈ ಸ್ಟೀಲ್‌ನಂಥವರು ಒತ್ತಾಯ ಮಾಡಿದ ಮೇಲೆ ಅಂಥ ಸೌಕರ್ಯಗಳನ್ನು ಹೆಚ್ಚಿಸಿದ ಎಂದು ಅವನೇ ಹೇಳಿಕೊಂಡಿದ್ದಾನೆ. 1982ರ ಹೊಸ ಟೆಕ್‌ನಲ್ಲಿ ಸಂಖ್ಯೆ ಇಟ್ಟುಕೊಳ್ಳಲು 256 ಖಾನೆಗಳಿದ್ದವು, ಸೊನ್ನೆಯ ಖಾನೆ ಪುಟಸಂಖ್ಯೆಗೆ ಮೀಸಲು. ಷರತ್ತು ಪರೀಕ್ಷಿಸುವ ಅಪ್ಪಣೆಗಳಿದ್ದವು. ಇವನ್ನೇ ಬಳಸಿ ಕ್ನೂತ್ ಲೂಪನ್ನು ಒಂದು ಪುಟ್ಟ ಮ್ಯಾಕ್ರೋ ಆಗಿ ಬರೆದ. ಮಾಡಬೇಕಾದ ಕೆಲಸವನ್ನು ಒಂದು ಹೆಸರಿನಲ್ಲಿ ಕಟ್ಟಿಡು, ಒಮ್ಮೆ ಮಾಡು, ಷರತ್ತು ಇನ್ನೂ ನಿಜವಾಗಿದ್ದರೆ ನಿನ್ನನ್ನೇ ಮತ್ತೊಮ್ಮೆ ಕರೆ, ಅಷ್ಟೇ. ಹಾವು ತನ್ನ ಬಾಲ ಹಿಡಿಯುವ ಆಟ. ಕಾಗದದ ಪಟ್ಟಿಯ ಬಾಲವನ್ನು ತಲೆಗೆ ಅಂಟಿಸಿದ್ದು ಇಲ್ಲಿ ಬರೇ ಮಾತಿನಲ್ಲಿ ಆಯಿತು. 1984ರ ‘ದಿ ಟೆಕ್‌ಬುಕ್’ ಪುಸ್ತಕದಲ್ಲಿ ಇದೇ ಲೂಪಿನಿಂದ ಮೊದಲ 30 ಅವಿಭಾಜ್ಯ ಸಂಖ್ಯೆಗಳನ್ನು ಟೆಕ್ ತಾನೇ ಲೆಕ್ಕಹಾಕಿ ಅಚ್ಚು ಹಾಕುವುದನ್ನು ತೋರಿಸಿದ್ದಾನೆ. ಪುಟ ಜೋಡಿಸುವವನು ಲೆಕ್ಕವನ್ನೂ ಮಾಡಬಲ್ಲ ಎಂದು ತೋರಿಸುವ ತಮಾಷೆ ಅದು.

ಈ ಲೂಪಿಗೆ ಒಂದು ದೋಷವಿತ್ತು. ಒಂದರೊಳಗೆ ಇನ್ನೊಂದನ್ನು ಹಾಕಿದರೆ ಒಳಗಿನದು ಹೊರಗಿನದರ ಕೆಲಸವನ್ನು ಅಳಿಸಿಹಾಕುತ್ತಿತ್ತು, ಯಾಕೆಂದರೆ ಎರಡೂ ಕೆಲಸವನ್ನು ಒಂದೇ ಹೆಸರಿನಲ್ಲಿ ಕಟ್ಟಿಡುತ್ತಿದ್ದವು. ಒಳಗಿನದಕ್ಕೆ ಆವರಣದ ಬೇಲಿ ಹಾಕಬೇಕು. ಲವ್‌ಲೇಸ್ ಹೇಳಿದ ಚಕ್ರದೊಳಗಿನ ಚಕ್ರ ಇಲ್ಲಿ ಬೇಲಿ ಇಲ್ಲದೆ ತಿರುಗುವುದಿಲ್ಲ. ನಾನು ಈ ಪಾಠ ಕಲಿತದ್ದು ರಾತ್ರಿ ಎರಡು ಗಂಟೆಗೆ, ತಿಂಡಿಯೂ ಸಿಗದ ಹೊತ್ತಿನಲ್ಲಿ.

*

ಓದು ಮುಗಿಸಿ ನಾನು ಚೆನ್ನೈಗೆ ಬಂದಾಗ ಹೊರದೇಶದ ಜರ್ನಲ್‌ಗಳ ಪುಟ ಜೋಡಿಸುವ ಕಂಪನಿಗಳು ಇಲ್ಲಿ ಬೇಕಾದಷ್ಟಿದ್ದವು. ತಿರುವನಂತಪುರದಲ್ಲೂ ಟೆಕ್ ಬಲ್ಲವರ ದೊಡ್ಡ ಬಳಗವಿತ್ತು. 2002ರಲ್ಲಿ ಟೆಕ್ ಬಳಕೆದಾರರ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಅಲ್ಲೇ. ನನಗೆ ಕೆಲಸ ಸಿಕ್ಕಿದ್ದು ಅಪ್ಪನ ಕಸುಬಿನಲ್ಲೇ ಎಂದು ಅವ್ವ ಊರೆಲ್ಲ ಹೇಳಿಕೊಂಡು ಬಂದಳು. ಅಪ್ಪ ಮಾತ್ರ ‘ಮೊಳೆ ಮುಟ್ಟದ ಕಂಪೋಸಿಟರ್ ಎಂಥಾವ ಅದಾನೋ’ ಎಂದ.

ಇಲ್ಲಿ ಬಳಸುತ್ತಿದ್ದುದು ಲೇಟೆಕ್. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದ ನಡುವಿನಲ್ಲಿ ಟೆಕ್‌ನ ಮೇಲೆ ಕಟ್ಟಿದ್ದು. ಬರೆಯುವವರು ಅಧ್ಯಾಯ, ವಿಭಾಗ ಎಂದು ಹೇಳಿದರೆ ಸಾಕು, ಅಂಕಿ, ಪರಿವಿಡಿ, ಪುಟಸಂಖ್ಯೆ ಎಲ್ಲ ತಾನೇ ನೋಡಿಕೊಳ್ಳುತ್ತದೆ. ದೊಡ್ಡ ಪುಸ್ತಕಗಳಿಗಾಗಿ ಲ್ಯಾಂಪೋರ್ಟ್ ಇನ್‌ಕ್ಲೂಡ್ ಎಂಬ ಅಪ್ಪಣೆ ಇಟ್ಟ. 20 ಅಧ್ಯಾಯದ ಪುಸ್ತಕದಲ್ಲಿ ಇವತ್ತು ಮೂರನೆಯದನ್ನು ಮಾತ್ರ ಜೋಡಿಸು, ಆದರೆ ಪುಟಸಂಖ್ಯೆ ಸರಿಯಾಗಿರಲಿ ಎನ್ನಬಹುದು. ಆಗಿನ ನಿಧಾನದ ಕಂಪ್ಯೂಟರುಗಳಿಗೆ ಅದು ವರ. ಬರೆಯುವವನ ಎಷ್ಟೋ ಅಧ್ಯಾಯ ಇನ್ನೂ ಬರೆದೇ ಇರುವುದಿಲ್ಲ. ಹಾಗಾಗಿ ಇನ್‌ಕ್ಲೂಡ್‌ಗೆ ಫೈಲು ಸಿಗದಿದ್ದರೆ ಅದು ನಿಲ್ಲುವುದಿಲ್ಲ. ಇಂಥ ಫೈಲಿಲ್ಲ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತದೆ.

ಇನ್‌ಪುಟ್ ನಿಂತು ಕೇಳುತ್ತದೆ. ಇನ್‌ಕ್ಲೂಡ್ ಪಿಸುಗುಟ್ಟಿ ನಡೆಯುತ್ತದೆ. ನನ್ನ ಕತೆ ಇರುವುದು ಈ ಎರಡರ ನಡುವೆ.

ಆಮೇಲೆ ಬಂದದ್ದು ಪಿಡಿಎಫ್. ಅಡೋಬಿ 1993ರಲ್ಲಿ ಅದನ್ನು ಹೊರತಂದಿತು. ಜೆಕ್ ದೇಶದ ಬರ್ನೋ ಊರಿನ ಮಸಾರಿಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿಯೆಟ್ನಾಂನ ಹಾನ್ ಥೆ ಥಾನ್, ಟೆಕ್ ನೇರವಾಗಿ ಪಿಡಿಎಫ್ ಕೊಡುವಂತೆ ಪಿಡಿಎಫ್‌ಟೆಕ್ ಬರೆದ. ಅದರ ಮೇಲೆ ಆಂಡ್ರಿಯಾಸ್ ಮಥಿಯಾಸ್ ಪಿಡಿಎಫ್‌ಪೇಜಸ್ ಎಂಬ ಪ್ಯಾಕೇಜ್ ಕಟ್ಟಿದ. ಮೊದಲೇ ಸಿದ್ಧವಾದ ಪಿಡಿಎಫ್‌ನಿಂದ ಮೂರನೆಯ ಪುಟ ಕೊಡು, ಐದರಿಂದ ಒಂಬತ್ತು ಕೊಡು, ನಡುವೆ ಒಂದು ಖಾಲಿ ಪುಟ ಹಾಕು ಎಂದು ಕೇಳಬಹುದು. ಪುಟಗಳ ಜಾಗದಲ್ಲಿ ಬರೇ ಒಂದು ಅಡ್ಡಗೆರೆ ಹಾಕಿದರೆ ಎಲ್ಲ ಪುಟಗಳೂ ಬರುತ್ತವೆ. ನೋಡಲಿಕ್ಕೆ ಸಣ್ಣ ವಿಷಯ. ಆದರೆ ಆ ಗೆರೆಯಲ್ಲಿ ಒಂದು ದೊಡ್ಡ ಬದಲಾವಣೆ ಅಡಗಿದೆ. ಹಿಂದೆ ಎಷ್ಟು ಸುತ್ತು ಎಂದು ಮನುಷ್ಯ ಹೇಳಬೇಕಿತ್ತು. ಈಗ ಫೈಲೇ ತನ್ನಲ್ಲಿ ಇಷ್ಟು ಪುಟ ಇವೆ ಎನ್ನುತ್ತದೆ, ಲೂಪ್ ನಂಬಿಕೊಂಡು ಅಷ್ಟು ಸುತ್ತು ಹಾಕುತ್ತದೆ. 2007ರಲ್ಲಿ ಹೊರಬಂದ ಲುವಾಟೆಕ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಹಳೆಯ ಟೆಕ್‌ಗೆ ಫೋಲ್ಡರಿನೊಳಗೆ ಇಣುಕಿ ಏನೇನಿದೆ ಎಂದು ನೋಡುವ ಶಕ್ತಿ ಇರಲಿಲ್ಲ. ಲುವಾಟೆಕ್‌ಗೆ ಇದೆ. ಇಲ್ಲಿರುವುದನ್ನೆಲ್ಲ ಸೇರಿಸು ಎಂದರೆ ಮುಗಿಯಿತು. ಎಷ್ಟಿರಬೇಕಿತ್ತು ಎಂದು ಯಾರೂ ಹೇಳಬೇಕಾಗಿಯೇ ಇಲ್ಲ.

ಕನ್ನಡಕ್ಕೆ ಈ ಸುಖ ತಡವಾಗಿ ಬಂತು. 1990ರ ದಶಕದಲ್ಲಿ ಜಿ.ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ಮಾಡಿದ ಕನ್ನಡ ಟೆಕ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಇನ್ನೊಂದು ಪ್ರೋಗ್ರಾಮಿನಿಂದ ಅದನ್ನು ಟೆಕ್‌ಗೆ ತಿಳಿಯುವ ಸಂಕೇತಗಳಾಗಿ ಬದಲಿಸಬೇಕಿತ್ತು. ಗಣಿತಜ್ಞ ಸಿ.ಎಸ್. ಯೋಗಾನಂದ ಮತ್ತು ಸಂಗಡಿಗರು ಲೇಟೆಕ್‌ಗೆ ಕನ್ನಡ ಕಲಿಸಿದರು. ಒತ್ತಕ್ಷರ, ಗುಣಿತ ಎಲ್ಲವನ್ನೂ 256 ಖಾನೆಯ ಫಾಂಟುಗಳಲ್ಲಿ ಹಿಡಿಸಬೇಕಾದ ಕಷ್ಟ ಎಂಥದೆಂದು, ಮೊಳೆ ಪೆಟ್ಟಿಗೆಯಲ್ಲಿ ಒತ್ತುಗಳನ್ನು ಹುಡುಕಿದವರಿಗೆ ಗೊತ್ತು. 2004ರಲ್ಲಿ ಜೊನಾಥನ್ ಕ್ಯೂ ಝೀಟೆಕ್ ಬರೆದ ಮೇಲೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸುವ ದಾರಿ ತೆರೆಯಿತು. ಅದಕ್ಕೇ ನಮ್ಮ ಊರಿನಾಚೆಯ ಸಂಘದವರು ಸ್ಮರಣ ಸಂಪುಟ ತರೋಣ ಎಂದಾಗ ನಾನು ಧೈರ್ಯದಿಂದ ಕೈ ಎತ್ತಿದೆ.

*

64 ಬರಹಗಳು. ನಡುನಡುವೆ ಸಂಘದ ಹಳೆಯ ಕೈಬರಹದ ಪತ್ರಿಕೆಯ ಸ್ಕ್ಯಾನ್ ಪುಟಗಳು. ಬರಹಗಳ ಫೈಲುಗಳಿಗೆ ಒಂದೇ ಹೆಸರು, ಮುಂದೆ 01ರಿಂದ 64ರ ತನಕ ಅಂಕಿ. ಒಂದರ ಮುಂದೆ ಸೊನ್ನೆ ಬೇಕೇ ಬೇಕು, ಇಲ್ಲದಿದ್ದರೆ ಪಟ್ಟಿ ಮಾಡುವಾಗ ಕಂಪ್ಯೂಟರ್ 1 ಆದ ಮೇಲೆ 10, 11 ಎಂದು ಹೋಗಿ 2ನ್ನು ಎಲ್ಲೋ ಕೊನೆಗೆ ತರುತ್ತದೆ. ಅಷ್ಟು ಜಾಣತನ ನನ್ನಲ್ಲಿತ್ತು. ಲೂಪ್ ಬರೆದೆ. ಎಣಿಕೆಯನ್ನು 1ಕ್ಕೆ ಇಡು. ಆ ಅಂಕಿಯ ಬರಹವನ್ನು ಸೇರಿಸು. ಎಣಿಕೆಯನ್ನು ಒಂದು ಹೆಚ್ಚಿಸು. ಅದು 65ಕ್ಕಿಂತ ಕಡಿಮೆಯಿದ್ದರೆ ಮತ್ತೆ ಮೊದಲಿನಿಂದ. ಪ್ರತಿ ಬರಹವೂ ಹೊಸ ಪುಟದಿಂದ ಶುರುವಾಗಲಿ ಎಂದು ಇನ್‌ಪುಟ್ ಬಿಟ್ಟು ಇನ್‌ಕ್ಲೂಡ್ ಹಾಕಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪ್ರೂಫ್ ತೆಗೆದಾಗ 64 ಬರಹವೂ ಇದ್ದವು. ಎಲ್ಲರೂ ತಂತಮ್ಮದನ್ನು ನೋಡಿ ತಿದ್ದಿ ಕೊಟ್ಟರು.

ಕೊನೆಯ ಸಲ ಪಿಡಿಎಫ್ ತೆಗೆದದ್ದು ಗೆಳೆಯನೊಬ್ಬನ ಕಂಪ್ಯೂಟರಿನಲ್ಲಿ. ಸ್ಕ್ಯಾನ್ ಪುಟಗಳ ಭಾರಕ್ಕೆ ನನ್ನ ಲ್ಯಾಪ್‌ಟಾಪ್ ಏದುತ್ತಿತ್ತು. ಅವನದು ಲಿನಕ್ಸ್. 37ನೆಯ ಫೈಲಿನ ಹೆಸರಿನ ಮೊದಲ ಅಕ್ಷರವನ್ನು ನಾನು ಅವಸರದಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದೆ, ಉಳಿದ 63 ಸಣ್ಣಕ್ಷರ. ನನ್ನ ವಿಂಡೋಸ್ ಅದನ್ನು ಲೆಕ್ಕಕ್ಕಿಡಲಿಲ್ಲ. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಹೆಸರು. ಇನ್‌ಕ್ಲೂಡ್ ಪಿಸುಗುಟ್ಟಿತು. ಪರದೆಯ ಮೇಲೆ ಸಾವಿರಾರು ಸಾಲು ಓಡುತ್ತಿರುವಾಗ ಆ ಒಂದು ಸಾಲನ್ನು ನಾವು ಯಾರೂ ನೋಡಲಿಲ್ಲ. ಸ್ಕ್ಯಾನ್ ಪುಟದ ಫೈಲೇನಾದರೂ ಸಿಗದಿದ್ದರೆ ಅದು ಕೂಗಿ ನಿಲ್ಲುತ್ತಿತ್ತು. ಮನುಷ್ಯರು ಬರೆದ ಬರಹಕ್ಕೆ ಮಾತ್ರ ಆ ಭಾಗ್ಯ ಇರಲಿಲ್ಲ, ಯಾಕೆಂದರೆ ಅಪ್ಪಣೆಯನ್ನು ಆರಿಸಿದವನು ನಾನು.

ಮೊಳೆಯ ಕಾಲದಲ್ಲಿ ಒಂದು ಫಾರಂ ಬಿಟ್ಟುಹೋದರೆ 144ನೆಯ ಪುಟದ ಮುಂದೆ 161 ಬರುತ್ತದೆ. ವಾಕ್ಯ ಅರ್ಧಕ್ಕೆ ಹರಿದಿರುತ್ತದೆ. ಓದುವವನಿಗೆ ಗಾಯ ಕಾಣುತ್ತದೆ. ಇಲ್ಲಿ ಗಾಯವೇ ಆಗಲಿಲ್ಲ. ಪುಟಸಂಖ್ಯೆಗಳು ತಾವೇ ಹತ್ತಿರ ಸರಿದುಕೊಂಡವು. ಪರಿವಿಡಿ ತಾನೇ ಒಂದು ಸಾಲು ಕಿರಿದಾಯಿತು. ಒಳ್ಳೆಯ ಕಾಗದದ ಮೇಲೆ 63 ಬರಹಗಳ ಅಂದವಾದ ಪುಸ್ತಕ 400 ಪ್ರತಿ ಅಚ್ಚಾಗಿ ಬಂತು.

37ನೆಯ ಬರಹ ನಾವೆಲ್ಲ ಟೀಚರ್ ಎಂದು ಕರೆಯುವ ಹಿರಿಯರದು. ಶಿವಮೊಗ್ಗದ ಕಡೆಯವರು. 1962ರಲ್ಲಿ ಮದುವೆಯಾಗಿ ಮದರಾಸಿಗೆ ಬಂದು, ಬಸ್ಸಿನ ಬೋರ್ಡುಗಳನ್ನು ನೋಡಿ ತಮಿಳು ಅಕ್ಷರ ಕಲಿತದ್ದು, ಸಂಜೆ ಹೊತ್ತು ತಾರಸಿಯ ಮೇಲೆ ಓಣಿಯ ಕನ್ನಡ ಮಕ್ಕಳನ್ನು ಕೂರಿಸಿಕೊಂಡು ಕಾಗುಣಿತ ತಿದ್ದಿಸಿದ್ದು, ಇವನ್ನು ನಾಲ್ಕು ಪುಟದಲ್ಲಿ ಬರೆದಿದ್ದರು. ಆ ತಾರಸಿಯ ಮಕ್ಕಳಲ್ಲಿ ಇಬ್ಬರು ಈಗ ಸಂಘದ ಪದಾಧಿಕಾರಿಗಳು.

ಬಿಡುಗಡೆಯ ದಿನ ಅವರು ಮುಂದಿನ ಸಾಲಿನಲ್ಲಿ ಕೂತು ಪರಿವಿಡಿಯನ್ನು ಎರಡು ಸಲ ನೋಡಿದ್ದನ್ನು ನಾನು ವೇದಿಕೆಯ ಪಕ್ಕದಿಂದ ಕಂಡಿದ್ದೆ. ಓದುತ್ತಿದ್ದಾರೆ ಎಂದುಕೊಂಡೆ. ಅವರು ಯಾರಿಗೂ ಏನೂ ಹೇಳಲಿಲ್ಲ. ಊಟಕ್ಕೆ ನಿಲ್ಲದೆ ಹೋದರು. ಮೂರು ವಾರದ ಮೇಲೆ ಅವರ ಮೊಮ್ಮಗ ಫೋನ್ ಮಾಡಿ, ಅಜ್ಜಿಯ ಬರಹ ಯಾಕೆ ತೆಗೆದಿರಿ ಎಂದು ಕೇಳಿದ. ನಾನು ಅವತ್ತೇ ಮನೆಗೆ ಹೋದೆ. ಟೀಚರ್ ಕಾಫಿ ಕೊಟ್ಟು, ‘ನಂದು ಅಷ್ಟು ಚೆನ್ನಾಗಿರಲಿಲ್ವೇನೋ ಅಂದುಕೊಂಡೆ ಕಣಪ್ಪ. ನಿಮ್ಮನ್ನೆಲ್ಲ ಕೇಳಿ ಮುಜುಗರ ಮಾಡೋದ್ಯಾಕೆ ಅಂತ ಸುಮ್ಮನಾದೆ’ ಎಂದರು.

ಕಂಪ್ಯೂಟರಿನಿಂದ ಆದ ತಪ್ಪು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆ ಮಾತು ಬಾಯಿಗೆ ಬರಲಿಲ್ಲ. ಅವರು ಮೂರು ವಾರ ತಮ್ಮ ಬರಹವೇ ಸರಿಯಿಲ್ಲ ಎಂದು ನಂಬಿದ್ದರು. ಸಣ್ಣಕ್ಷರ ದೊಡ್ಡಕ್ಷರದ ಕತೆ ಅದಕ್ಕೆ ಉತ್ತರವಾಗುವುದಿಲ್ಲ.

ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವನು ಕೇಳಿದ್ದು ಒಂದೇ ಮಾತು.

‘ಎಣಿಸಿ ನೋಡಿದ್ದೇನು?’

‘ಅದನ್ನ ಮಷೀನೇ ಎಣಿಸ್ತದಪ್ಪಾ.’

‘ಎಷ್ಟು ಆದವು ಅಂತ ಮಷೀನ್ ಹೇಳ್ತದ. ಎಷ್ಟು ಇರಬೇಕಿತ್ತು ಅಂತ ಯಾರು ಹೇಳಬೇಕು?’

*

ಟೀಚರರ ನಾಲ್ಕು ಪುಟವನ್ನು ಒಂದು ಮಡಿಕೆ ಹಾಳೆಯಾಗಿ ಅಚ್ಚು ಹಾಕಿಸಿದೆವು. ಪುಟಸಂಖ್ಯೆ 148ಅ, 148ಆ, 148ಇ, 148ಈ. 230 ಪ್ರತಿ ಆಗಲೇ ಹೋಗಿದ್ದವು, 170 ಉಳಿದಿದ್ದವು. ಒಂದು ಭಾನುವಾರ ಸಂಘದ ಉದ್ದನೆಯ ಮೇಜಿನ ಮೇಲೆ ಪುಸ್ತಕಗಳನ್ನು ಹರಡಿಕೊಂಡು, ಒಬ್ಬರು ಪುಟ ತೆರೆಯುವುದು, ಒಬ್ಬರು ಅಂಚಿಗೆ ಗೋಂದು ಸವರುವುದು, ಒಬ್ಬರು ಹಾಳೆ ಕೂರಿಸುವುದು ಮಾಡುತ್ತ ಮೇಜಿನ ಸುತ್ತ ಸುತ್ತಿದೆವು. ಪರಿವಿಡಿಗೆ ತಿದ್ದುಪಡಿ ಚೀಟಿ ಅಂಟಿಸಿದೆವು. ಸಂಜೆ ಟೀಚರ್ ಬಂದು ತಾವೂ ನಾಲ್ಕು ಪುಸ್ತಕಕ್ಕೆ ಗೋಂದು ಹಚ್ಚಿದರು. ನಮ್ಮದಕ್ಕಿಂತ ಅಚ್ಚುಕಟ್ಟಾಗಿ.

ನನ್ನ ಲೂಪ್ ಈಗ ಬೇರೆ ರೀತಿ ಇದೆ. ಇನ್‌ಕ್ಲೂಡ್ ಬಿಟ್ಟು ಇನ್‌ಪುಟ್ ಹಾಕುತ್ತೇನೆ, ಹೊಸ ಪುಟದ ಅಪ್ಪಣೆಯನ್ನು ನಾನೇ ಬರೆಯುತ್ತೇನೆ. ಫೈಲು ಸಿಗದಿದ್ದರೆ ಅದು ನಿಂತು ನನ್ನನ್ನು ಕೇಳಲಿ. ಮೊದಲ ಸಾಲಿನಲ್ಲಿ ಎಷ್ಟು ಬರಹ ಇರಬೇಕು ಎಂಬ ಅಂಕಿಯನ್ನು ಕೈಯಲ್ಲೇ ಬರೆಯುತ್ತೇನೆ, ಫೋಲ್ಡರನ್ನು ಕೇಳುವುದಿಲ್ಲ. ಆ ಅಂಕಿ ಬರುವುದು ಕಾಗದದ ಮೇಲೆ ಪೆನ್ನಿನಲ್ಲಿ ಬರೆದ ಲೇಖಕರ ಪಟ್ಟಿಯಿಂದ, ಇಬ್ಬರು ಎಣಿಸಿದ ಮೇಲೆ. ಪ್ರತಿ ಬರಹದ ಕೊನೆಯಲ್ಲಿ ಪುಟದ ಹೊರ ಅಂಚಿಗೆ ಒಂದು ಸಣ್ಣ ಕಪ್ಪು ಪಟ್ಟಿ ಬೀಳುತ್ತದೆ, ಒಂದರಿಂದ ಒಂದಕ್ಕೆ ಸ್ವಲ್ಪ ಕೆಳಗೆ. ಅದು ಎಷ್ಟು ಕೆಳಗಿರಬೇಕೆಂಬುದು ಲೇಖಕರ ಪಟ್ಟಿಯ ಅಂಕಿಯ ಮೇಲೆ ನಿಂತಿದೆ, ಹಾಗಾಗಿ ನಡುವೆ ಒಂದು ತಪ್ಪಿದರೆ ಅಲ್ಲಿ ಜಾಗ ಖಾಲಿ ಉಳಿಯುತ್ತದೆ. ಪ್ರೂಫ್ ಪ್ರತಿಯ ಅಂಚನ್ನು ಬಾಗಿಸಿ ಹಿಡಿದರೆ ಮೆಟ್ಟಿಲು ಕಾಣುತ್ತದೆ. ಇದನ್ನು ನೋಡಿ ಕಂಪನಿಯ ಹುಡುಗರು ನಗುತ್ತಾರೆ. ನಗಲಿ.

ಹೊರಗೆ ಹೋಗಿದ್ದ 230 ಪ್ರತಿಗಳಿಗೂ ಹಾಳೆ ಮಾಡಿಸಿದ್ದೆವು. ವಿಳಾಸ ಸಿಕ್ಕವರಿಗೆಲ್ಲ ಅಂಚೆಯಲ್ಲಿ ಕಳಿಸಿ ಮುಗಿಸಿದ್ದೇವೆ. 41 ಹಾಳೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿವೆ. ಚೆನ್ನೈನಲ್ಲಿ ಇದ್ದು ಈಗ ಪುಣೆಗೋ ಹೈದರಾಬಾದಿಗೋ ದಿಲ್ಲಿಗೋ ಹೋದವರ ಪುಸ್ತಕದ ಕಪಾಟಿನಲ್ಲಿ ಆ ಸಂಪುಟ ಇರಬಹುದು. ಹಸಿರು ರಟ್ಟು, 63 ಬರಹ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ 148ನೆಯ ಪುಟ ತೆರೆದು ನೋಡಿ. ಮುಂದೆ 149 ಬಂದರೆ ಈ ಪತ್ರಿಕೆಯ ಸಂಪಾದಕರಿಗೆ ಒಂದು ಸಾಲು ಬರೆಯಿರಿ. ಹಾಳೆ ಕಳಿಸುತ್ತೇನೆ. ಗೋಂದು ಮಾತ್ರ ನೀವೇ ಹಚ್ಚಿಕೊಳ್ಳಬೇಕು.